ಪಟ್ಟಿ ಉಳಿದಿತ್ತು, ಚಿತ್ರ ತೊಯ್ದಿತ್ತು

2005ರ ಜುಲೈ 26ರ ಮಳೆಯ ಬಗ್ಗೆ ಆಗ ಮುಂಬಯಿಯಲ್ಲಿದ್ದ ಪ್ರತಿಯೊಬ್ಬರ ಬಳಿಯೂ ಒಂದು ಕಥೆಯಿದೆ. ಸಾಂತಾಕ್ರೂಜಿನ ಮಾಪನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದರೆ, ಅದೇ ಹೊತ್ತಿಗೆ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಅಷ್ಟೇ. ಒಂದೇ ಊರಿನ ಒಂದು ತುದಿಯವರು ಕೊಡೆ ಹಿಡಿದು ಮನೆಗೆ ಹೋದರು, ಇನ್ನೊಂದು ತುದಿಯವರು ಕುತ್ತಿಗೆಯವರೆಗಿನ ನೀರಿನಲ್ಲಿ ನಡೆದರು. ಎಷ್ಟೋ ಜನ ಮನೆ ಮುಟ್ಟಲೇ ಇಲ್ಲ. ಆ ದುಃಖಗಳ ಮುಂದೆ ನನ್ನ ಕಥೆ ಬಹಳ ಸಣ್ಣದು. ಅದು ಕಾಗದದ ಕಥೆ.

ಆಗ ನಾನು ಎಂಟೆಕ್ ಮುಗಿಸಿ ಬಂದು ಒಂದು ವರ್ಷವಾಗಿತ್ತು. ಅಂಧೇರಿಯ ಪೂರ್ವಕ್ಕೆ, ತಗ್ಗಿನ ರಸ್ತೆಯೊಂದರಲ್ಲಿದ್ದ ಸಣ್ಣ ಕಂಪನಿಯಲ್ಲಿ ಕೆಲಸ. ಕಾರ್ಖಾನೆಗಳ ಯಂತ್ರಗಳಿಗೆ ಬೇಕಾದ ಕಂಟ್ರೋಲ್ ಬೋರ್ಡುಗಳನ್ನು ಮಾಡುವುದು ನಮ್ಮ ದಂಧೆ. ನೆಲಮಹಡಿಯಲ್ಲಿ ದಾಖಲೆಗಳ ಕೋಣೆ. ಇಪ್ಪತ್ತು ವರ್ಷಗಳ ಸರ್ಕ್ಯೂಟ್ ಚಿತ್ರಗಳು, ಟ್ರೇಸಿಂಗ್ ಪೇಪರಿನ ಮೂಲಗಳು, ಅಮೋನಿಯಾ ಪ್ರಿಂಟುಗಳು, ಮಾದರಿಗೆಂದು ಎತ್ತಿಟ್ಟ ಬೋರ್ಡುಗಳು ಎಲ್ಲವೂ ಅಲ್ಲೇ ಇದ್ದವು. ನೀರು ಇಳಿದ ಮೇಲೆ ಬಾಗಿಲು ತೆರೆದರೆ ಕಾಗದ ಮುದ್ದೆಯಾಗಿತ್ತು. ಬಿಡಿಸಹೋದರೆ ಹಾಳೆ ಬೆರಳಿಗೆ ಬರುತ್ತಿತ್ತು, ಗೆರೆ ಬರುತ್ತಿರಲಿಲ್ಲ.

ಮೇಲಿನ ಮಹಡಿಯ ಕಂಪ್ಯೂಟರಿನಲ್ಲಿ ಒಂದು ಹಳೆಯ ಬೋರ್ಡಿನ ಪಠ್ಯ ಕಡತ ಮಾತ್ರ ಉಳಿದಿತ್ತು. ಯಾರೋ ಎಂದೋ ಪಿಸಿಬಿ ತಂತ್ರಾಂಶಕ್ಕೆಂದು ಟೈಪ್ ಮಾಡಿದ್ದ ಪಟ್ಟಿ. ಯಾವ ಭಾಗದ ಯಾವ ಕಾಲು ಯಾವ ತಂತಿಗೆ ಸೇರಬೇಕು ಎಂಬುದಿಷ್ಟೇ ಅದರಲ್ಲಿತ್ತು. ಇದನ್ನೇ ನೆಟ್‌ಲಿಸ್ಟ್ ಎನ್ನುತ್ತಾರೆ. ಆ ಬೋರ್ಡಿನಲ್ಲಿದ್ದ ಒಂದು ಚಿಪ್ ಮಾರುಕಟ್ಟೆಯಲ್ಲಿ ಸಿಗುವುದು ನಿಂತಿತ್ತು. ಬೋರ್ಡನ್ನು ಹೊಸದಾಗಿ ಮಾಡಲೇಬೇಕಿತ್ತು. "ಪಟ್ಟಿ ಇದೆಯಲ್ಲ, ಅದರಿಂದ ಚಿತ್ರ ಮಾಡು" ಎಂದರು. ಎಷ್ಟರ ಕೆಲಸ ಅದು ಅಂದುಕೊಂಡೆ. ಆ ಕೆಲಸದ ಹಿಂದೆ ಎಷ್ಟು ದೊಡ್ಡ ಚರಿತ್ರೆಯಿದೆ, ಅದರ ಒಂದು ಎಳೆ ನಾವಿರುವ ಈ ಊರಿನಲ್ಲೇ ಹೇಗೆ ಹಾದುಹೋಗಿದೆ ಎಂಬುದು ಗೊತ್ತಾಗಿದ್ದು ಆಮೇಲೆ.

ಎಲೆಕ್ಟ್ರಾನಿಕ್ಸ್ ಓದದವರಿಗಾಗಿ ಒಂದು ಉದಾಹರಣೆ. ನೆಟ್‌ಲಿಸ್ಟ್ ಹೀಗಿರುತ್ತದೆ:

ವಿ1 1 0 10
ಆರ್1 1 2 1ಕೆ
ಆರ್2 2 0 1ಕೆ

ಮೊದಲ ಸಾಲು: 10 ವೋಲ್ಟಿನ ಬ್ಯಾಟರಿ 1 ಮತ್ತು 0 ಎಂಬ ಸಂಧಿಗಳ ನಡುವೆ ಇದೆ. ಎರಡನೆಯದು: 1 ಕಿಲೋ ಓಮ್ ರೆಸಿಸ್ಟರ್ 1 ಮತ್ತು 2ರ ನಡುವೆ. ಮೂರನೆಯದು: ಅಂಥದೇ ಇನ್ನೊಂದು 2 ಮತ್ತು 0ಯ ನಡುವೆ. 0 ಎಂದರೆ ನೆಲ, ಗ್ರೌಂಡ್. ಇಷ್ಟು ಕೊಟ್ಟರೆ ಕಂಪ್ಯೂಟರ್ ಲೆಕ್ಕ ಹಾಕಿ 2ನೆಯ ಸಂಧಿಯಲ್ಲಿ 5 ವೋಲ್ಟ್ ಇದೆ ಎಂದು ಹೇಳಿಬಿಡುತ್ತದೆ. ಅದಕ್ಕೆ ಚಿತ್ರ ಬೇಕಿಲ್ಲ.

ನಮ್ಮ ಲೋಕಲ್ ರೈಲಿನ ಹಾಗೆ ಎಂದುಕೊಳ್ಳಿ. ಪಶ್ಚಿಮ ಮಾರ್ಗದ ನಿಲ್ದಾಣಗಳ ಪಟ್ಟಿಯಲ್ಲಿ ದಾದರ್ ಇದೆ, ಮಧ್ಯ ಮಾರ್ಗದ ಪಟ್ಟಿಯಲ್ಲೂ ದಾದರ್ ಇದೆ. ಎರಡು ಪಟ್ಟಿಗಳನ್ನು ಕೈಗೆ ಕೊಟ್ಟರೆ ಡೊಂಬಿವಲಿಯಿಂದ ಅಂಧೇರಿಗೆ ಹೋಗುವವನು ದಾದರಿನಲ್ಲಿ ಗಾಡಿ ಬದಲಿಸಬಹುದೆಂದು ತಿಳಿಯುತ್ತದೆ. ತಿಳಿಯುತ್ತದೆ ನಿಜ, ಆದರೆ ಬೋಗಿಯ ಬಾಗಿಲ ಮೇಲಿನ ನಕ್ಷೆಯನ್ನು ನೋಡಿದಷ್ಟು ಥಟ್ಟನೆ ಅಲ್ಲ. ಅಂಥ ನಕ್ಷೆಗಳ ಮೂಲಪುರುಷ ಎನ್ನಬಹುದಾದ ಹ್ಯಾರಿ ಬೆಕ್ ಲಂಡನ್ ಅಂಡರ್‌ಗ್ರೌಂಡಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವನು. ದೂರ, ತಿರುವು ಎಲ್ಲವನ್ನೂ ಕೈಬಿಟ್ಟು, ಸರ್ಕ್ಯೂಟ್ ಚಿತ್ರದಂತೆ ನೇರ ಗೆರೆಗಳಲ್ಲಿ ಅವನು 1931ರಲ್ಲಿ ಬರೆದ ನಕ್ಷೆ 1933ರಲ್ಲಿ ಪ್ರಯಾಣಿಕರ ಕೈಗೆ ಬಂತು. ಯಾವುದು ಯಾವುದಕ್ಕೆ ಸೇರಿದೆ ಎಂಬುದು ಪಟ್ಟಿಯಲ್ಲೂ ಇದೆ, ನಕ್ಷೆಯಲ್ಲೂ ಇದೆ. ಆದರೆ ಎಲ್ಲಿ ಇಡಬೇಕು ಎಂದು ಒಬ್ಬ ಮನುಷ್ಯ ಯೋಚಿಸಿದ್ದು ನಕ್ಷೆಯಲ್ಲಿ ಮಾತ್ರ ಇದೆ.

ಚಿತ್ರದಿಂದ ಪಟ್ಟಿ ಮಾಡುವುದು ಸುಲಭ. ಗೆರೆಗಳನ್ನು ಹಿಂಬಾಲಿಸಿ ಬರೆದುಕೊಂಡರಾಯಿತು. ಆದರೆ ಹಾಗೆ ಬರೆಯುವಾಗ ಒಂದು ಸಂಗತಿ ಸದ್ದಿಲ್ಲದೆ ಕಳೆದುಹೋಗುತ್ತದೆ: ಯಾವುದು ಎಡಕ್ಕಿತ್ತು, ಯಾವುದು ಬಲಕ್ಕಿತ್ತು, ಯಾವುದರ ಪಕ್ಕ ಯಾವುದಿತ್ತು. ಪಟ್ಟಿಯಿಂದ ಚಿತ್ರಕ್ಕೆ ಮರಳುವಾಗ ಇಷ್ಟನ್ನೂ ಹೊಸದಾಗಿ ಊಹಿಸಬೇಕು.

ಚಿತ್ರವೇ ಮೂಲ ದಾಖಲೆಯಾಗಿದ್ದ ಕಾಲವೊಂದಿತ್ತು. ಮುಂಬಯಿಯ ಮಟ್ಟಿಗೆ ಆ ಕಾಲದ ದೊಡ್ಡ ಹೆಸರು ಟಿಫ್ರಾಕ್. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಇಲ್ಲೇ ವಿನ್ಯಾಸ ಮಾಡಿ ಇಲ್ಲೇ ಕಟ್ಟಿದ ಕಂಪ್ಯೂಟರ್ ಅದು. ಮುಂದಾಳು ಆರ್. ನರಸಿಂಹನ್. ಮದರಾಸಿನವರು, ಅಮೆರಿಕದಲ್ಲಿ ಓದಿ 1954ರಲ್ಲಿ ಸಂಸ್ಥೆಗೆ ಸೇರಿದವರು. ಮೊದಲು ಒಂದು ಸಣ್ಣ ಮಾದರಿ ಯಂತ್ರ ಮಾಡಿ ಕೈಪಳಗಿಸಿಕೊಂಡರು. ಪೂರ್ಣ ಪ್ರಮಾಣದ ಯಂತ್ರ 1960ರಲ್ಲಿ ಕೆಲಸ ಆರಂಭಿಸಿತು. 1962ರಲ್ಲಿ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಸುಮಾರು 2,700 ನಿರ್ವಾತ ಕೊಳವೆಗಳು, 1,700 ಜರ್ಮೇನಿಯಂ ಡಯೋಡುಗಳು, 12,500 ರೆಸಿಸ್ಟರುಗಳು. ನೆನಪಿನ ಸಾಮರ್ಥ್ಯ 40 ಬಿಟ್ಟಿನ 2,048 ಪದಗಳು. ಇಂದಿನ ಲೆಕ್ಕದಲ್ಲಿ 10 ಕಿಲೋಬೈಟ್, ವಾಟ್ಸಾಪಿನ ಒಂದು ಸ್ಟಿಕರಿಗೂ ಸಾಲದು.

ಇಷ್ಟು ಸಾವಿರ ಭಾಗಗಳ ಯಂತ್ರದ ಚಿತ್ರ ಬರೆದುಕೊಡಲು ಇನ್ನೊಂದು ಯಂತ್ರ ಆಗ ಈ ಊರಿನಲ್ಲಿರಲಿಲ್ಲ. ಟಿ-ಸ್ಕ್ವೇರು, ಸ್ಟೆನ್ಸಿಲ್ಲು, ಇಂಡಿಯನ್ ಇಂಕು, ಟ್ರೇಸಿಂಗ್ ಪೇಪರು ಇವೇ ಆ ತಲೆಮಾರಿನ ಸಲಕರಣೆಗಳು. ಬೆಸುಗೆ ಹಾಕುವವನ ಮುಂದೆ, ದೋಷ ಹುಡುಕುವವನ ಮುಂದೆ ಹಾಳೆ ಹರಡಿರಬೇಕು. ಹಾಳೆ ಕಳೆದರೆ ಯಂತ್ರ ಇದ್ದೂ ಇಲ್ಲದ ಹಾಗೆ. ಟಿಫ್ರಾಕಿನ ಇನ್ನೊಂದು ವಿಶೇಷವೆಂದರೆ ಅದಕ್ಕೆ ಕ್ಯಾಥೋಡ್ ರೇ ಕೊಳವೆಯ ಪರದೆಯಿತ್ತು. ಅಕ್ಷರಗಳೂ ಅದರ ಮೇಲೆ ಮೂಡುತ್ತಿದ್ದವು, ಗೆರೆಯ ನಕ್ಷೆಗಳೂ ಮೂಡುತ್ತಿದ್ದವು. ಪಠ್ಯ ಮತ್ತು ಚಿತ್ರ ಒಂದೇ ಪರದೆಯನ್ನು ಹಂಚಿಕೊಂಡದ್ದು ನಮ್ಮ ಊರಿನಲ್ಲಿ ಅಷ್ಟು ಹಿಂದೆಯೇ ಆಗಿತ್ತು.

ಅತ್ತ ಅಮೆರಿಕದಲ್ಲಿ ಐಬಿಎಂ ಕಂಪನಿಗೆ ಬೇರೆ ತೊಂದರೆ. ಅವರ ಯಂತ್ರಗಳು ಎಷ್ಟು ದೊಡ್ಡವಾಗಿದ್ದವೆಂದರೆ, ಕೈಯಲ್ಲಿ ಬರೆದ ಚಿತ್ರಗಳನ್ನು ತಿದ್ದಿ ಮುಗಿಸುವಷ್ಟರಲ್ಲಿ ವಿನ್ಯಾಸವೇ ಬದಲಾಗಿರುತ್ತಿತ್ತು. ಆದ್ದರಿಂದ ಅವರು ತರ್ಕದ ವಿವರಗಳನ್ನು ಪಂಚ್ ಕಾರ್ಡುಗಳಲ್ಲಿ ತುಂಬಿ, ಕಂಪ್ಯೂಟರಿನಿಂದಲೇ ತಪ್ಪು ಪರೀಕ್ಷಿಸಿ, ಲೈನ್ ಪ್ರಿಂಟರಿನಲ್ಲಿ ಚಿತ್ರವನ್ನು ಅಚ್ಚು ಹಾಕಿಸತೊಡಗಿದರು. ಪೆಟ್ಟಿಗೆಗಳ ಅಂಚೂ ಅಕ್ಷರ, ತಂತಿಯೂ ಅಕ್ಷರ. 1958ರಲ್ಲೇ ಈ ಪದ್ಧತಿಯ ಬಗ್ಗೆ ಸಮ್ಮೇಳನವೊಂದರಲ್ಲಿ ಪ್ರಬಂಧ ಮಂಡಿಸಿದರು. ಆದರೆ ಗಮನಿಸಿ, ಯಾವ ಪೆಟ್ಟಿಗೆ ಹಾಳೆಯ ಯಾವ ಚೌಕದಲ್ಲಿ ಇರಬೇಕು ಎಂಬುದು ಅವರ ದಾಖಲೆಯಲ್ಲೇ ಇರುತ್ತಿತ್ತು. ಚಿತ್ರವನ್ನು ಯಂತ್ರ ಅಚ್ಚು ಹಾಕುತ್ತಿತ್ತು, ಜಾಗವನ್ನು ಮನುಷ್ಯ ಹೇಳಿರುತ್ತಿದ್ದ.

ಜಾಗದ ಹಂಗೇ ಇಲ್ಲದ ಪಟ್ಟಿ ಲೋಕಪ್ರಸಿದ್ಧವಾದದ್ದು ಸ್ಪೈಸ್ ಎಂಬ ತಂತ್ರಾಂಶದಿಂದ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರಾನ್ ರೋರರ್ ಎಂಬ ಅಧ್ಯಾಪಕರ ತರಗತಿಯ ಪ್ರಾಜೆಕ್ಟಿನಿಂದ ಒಂದು ಪ್ರೋಗ್ರಾಂ ಹುಟ್ಟಿತು. ಅದರ ಹೆಸರು ಕ್ಯಾನ್ಸರ್! ಆ ಕಾಲದ ಸರ್ಕ್ಯೂಟ್ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ರಕ್ಷಣಾ ಇಲಾಖೆಯ ಹಣದವು, ಅಣುವಿಕಿರಣ ಬಿದ್ದರೆ ಸರ್ಕ್ಯೂಟ್ ಏನಾಗುತ್ತದೆಂದು ನೋಡುವಂಥವು. ತಮ್ಮದರಲ್ಲಿ ಅದಿಲ್ಲ ಎಂದು ಸಾರಲು 'ವಿಕಿರಣ ಹೊರತುಪಡಿಸಿ' ಎಂಬ ಅರ್ಥವನ್ನು ಹೆಸರಿನ ಕೊನೆಯ ಎರಡು ಅಕ್ಷರಗಳಲ್ಲಿ ಅಡಗಿಸಿಟ್ಟಿದ್ದರು. ಲ್ಯಾರಿ ನೇಗಲ್ ಎಂಬ ವಿದ್ಯಾರ್ಥಿ ಡೊನಾಲ್ಡ್ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ಅದನ್ನು ತಿದ್ದಿ ಬೆಳೆಸಿ ಸ್ಪೈಸ್ ಮಾಡಿದರು. 1973ರಲ್ಲಿ ಕೆನಡಾದ ವಾಟರ್ಲೂ ಊರಿನ ಸಮ್ಮೇಳನದಲ್ಲಿ ಅದರ ಪರಿಚಯವಾಯಿತು. 1975ರಲ್ಲಿ ಎರಡನೆಯ ಆವೃತ್ತಿ ಬಂತು. ಬರ್ಕ್ಲಿಯವರು ಅದನ್ನು ಬಚ್ಚಿಡಲಿಲ್ಲ. ಕೇಳಿದವರಿಗೆ ಕೊಟ್ಟರು, ಅದು ಲೋಕವೆಲ್ಲ ಹರಡಿತು.

ಸ್ಪೈಸಿಗೆ ಸರ್ಕ್ಯೂಟನ್ನು ಕೊಡುತ್ತಿದ್ದದ್ದು ಪಂಚ್ ಕಾರ್ಡಿನಲ್ಲಿ. ಒಂದು ಭಾಗಕ್ಕೆ ಒಂದು ಕಾರ್ಡು. ಎಲ್ಲ ಸೇರಿ ಇಸ್ಪೀಟಿನ ಕಟ್ಟಿನಂತೆ ಒಂದು ಕಟ್ಟು. ಇವತ್ತಿಗೂ ಸ್ಪೈಸಿನ ಕಡತಕ್ಕೆ ಡೆಕ್ ಎಂದೂ, ಮಾದರಿಯ ಸಾಲಿಗೆ ಮಾಡೆಲ್ ಕಾರ್ಡ್ ಎಂದೂ ಹೇಳುವ ಹಿರಿಯರಿದ್ದಾರೆ. ಮೊದಲ ಸಾಲು ಯಾವಾಗಲೂ ಶೀರ್ಷಿಕೆ. ಕಾರ್ಡು ಕಾಣೆಯಾಗಿ ವರ್ಷಗಳು ಉರುಳಿದರೂ ಆ ನಿಯಮ ಹೋಗಿಲ್ಲ. ಹೊಸಬರು ಇವತ್ತಿಗೂ ಮೊದಲ ಸಾಲಿನಲ್ಲೇ ರೆಸಿಸ್ಟರ್ ಬರೆದು, ಅದನ್ನು ಯಂತ್ರ ಶೀರ್ಷಿಕೆ ಎಂದುಕೊಂಡು ಬಿಟ್ಟುಬಿಟ್ಟಾಗ ತಲೆ ಕೆರೆದುಕೊಳ್ಳುತ್ತಾರೆ. ನಾನೂ ಕೆರೆದುಕೊಂಡಿದ್ದೇನೆ.

ಆಗಿನ ಎಂಜಿನಿಯರ್ ಮೊದಲು ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದ, ಸಂಧಿಗಳಿಗೆ ಪೆನ್ಸಿಲಿನಲ್ಲಿ ಅಂಕಿ ಹಾಕುತ್ತಿದ್ದ, ನೋಡಿಕೊಂಡು ಕಾರ್ಡು ಕೊರೆಸುತ್ತಿದ್ದ. ಪಟ್ಟಿ ಯಂತ್ರಕ್ಕೆ, ಚಿತ್ರ ಮನುಷ್ಯನಿಗೆ. ಎರಡೂ ಜೊತೆಯಲ್ಲಿದ್ದಷ್ಟು ಕಾಲ ಯಾರಿಗೂ ಚಿಂತೆಯಿರಲಿಲ್ಲ. ಪಟ್ಟಿ ಟೇಪಿನ ಮೇಲೆ, ಆಮೇಲೆ ಫ್ಲಾಪಿಯ ಮೇಲೆ, ಆಮೇಲೆ ಹಾರ್ಡ್ ಡಿಸ್ಕಿನ ಮೇಲೆ ಊರಿಂದೂರಿಗೆ ಹೋಯಿತು. ಪೆನ್ಸಿಲಿನ ಚಿತ್ರ ಬರೆದವನ ಡ್ರಾಯರಿನಲ್ಲೇ ಉಳಿಯಿತು.

ಈಗ ಮತ್ತೆ ನರಸಿಂಹನ್ ಅವರ ಬಳಿಗೆ ಬರೋಣ. ಟಿಫ್ರಾಕ್ ಮುಗಿದ ಮೇಲೆ ಅವರು 1961ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರ ಮುಂದಿದ್ದ ಸಮಸ್ಯೆ ಭೌತವಿಜ್ಞಾನಿಗಳದು. ಬಬಲ್ ಚೇಂಬರ್ ಎಂಬ ಸಾಧನದಲ್ಲಿ ಕಣಗಳು ಹಾದುಹೋದಾಗ ಗುಳ್ಳೆಗಳ ಸಾಲು ಮೂಡುತ್ತದೆ, ಅದರ ಫೋಟೋ ತೆಗೆಯುತ್ತಾರೆ. ಅಂಥ ರಾಶಿ ರಾಶಿ ಫೋಟೋಗಳನ್ನು ಯಂತ್ರ ಓದಬೇಕು. ಚಿತ್ರವನ್ನು ಯಂತ್ರ ಗುರುತಿಸುವುದೆಂದರೆ ಇದು 'ಅ', ಇದು 'ಆ' ಎಂದು ಚೀಟಿ ಅಂಟಿಸುವುದು ಎಂಬುದು ಆಗಿನ ರೂಢಿ. ನರಸಿಂಹನ್ ಬೇರೆಯೇ ದಾರಿ ಹಿಡಿದರು. ಚಿತ್ರಕ್ಕೂ ವಾಕ್ಯದ ಹಾಗೆ ವ್ಯಾಕರಣ ಉಂಟು, ಅದರಲ್ಲಿ ಯಾವ ತುಣುಕುಗಳಿವೆ, ಅವು ಒಂದಕ್ಕೊಂದು ಹೇಗೆ ಸೇರಿವೆ ಎಂದು ವಿವರಿಸುವುದೇ ಚಿತ್ರವನ್ನು ಗುರುತಿಸುವುದು ಎಂದರು. ಚಿತ್ರಗಳ ವಾಕ್ಯರಚನಾತ್ಮಕ ವಿಶ್ಲೇಷಣೆಯ ಮೊದಲಿಗರಲ್ಲಿ ಅವರ ಹೆಸರು ಇಂದಿಗೂ ಇದೆ. ಆಮೇಲೆ ಅವರು ಮುಂಬಯಿಗೆ ಮರಳಿದರು, ದೇಶದ ಕಂಪ್ಯೂಟರ್ ವಿಜ್ಞಾನವನ್ನು ಕಟ್ಟಿದವರಲ್ಲಿ ಒಬ್ಬರಾದರು, 2007ರಲ್ಲಿ ತೀರಿಕೊಂಡರು.

ಸರ್ಕ್ಯೂಟ್ ಚಿತ್ರದ ಬಗ್ಗೆ ಅವರು ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ಅವರ ಕೆಲಸದ ಬಗ್ಗೆ ಓದಿದಾಗ ನನ್ನ ನೆಟ್‌ಲಿಸ್ಟ್ ಬೇರೆಯಾಗಿ ಕಂಡಿತು. ನೆಟ್‌ಲಿಸ್ಟ್ ಕೂಡ ಚಿತ್ರವೊಂದರ ವಿವರಣೆಯೇ. ತುಣುಕುಗಳ ಹೆಸರಿದೆ, ಸಂಬಂಧವೂ ಇದೆ. ಆದರೆ ಒಂದೇ ಒಂದು ಬಗೆಯ ಸಂಬಂಧ: ತಂತಿಯಿಂದ ಸೇರಿದೆಯೆ, ಇಲ್ಲವೆ. ಚಿತ್ರದಲ್ಲಿದ್ದ ಬೇರೆ ಸಂಬಂಧಗಳು ಅದರಲ್ಲಿಲ್ಲ. ಯಾವ ಸಂಬಂಧಗಳನ್ನು ಬರೆದಿಡಬೇಕು, ಯಾವುದನ್ನು ಬಿಟ್ಟರೆ ನಡೆಯುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ. 2005ರಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಪಟ್ಟಿಯಿಂದ ಚಿತ್ರವನ್ನು ಪೂರ್ತಿ ಯಂತ್ರವೇ ಬರೆಯಬೇಕೆಂಬ ಪ್ರಯತ್ನ 1980ರ ದಶಕದಲ್ಲಿ ಜೋರಾಯಿತು. ವಿನ್ಯಾಸವನ್ನೇ ಕಂಪ್ಯೂಟರ್ ಮಾಡಿ ಸಾವಿರಾರು ಗೇಟುಗಳ ಪಟ್ಟಿಯನ್ನು ಉಗುಳತೊಡಗಿತ್ತು. ಆ ಪಟ್ಟಿಗೆ ಯಾರ ಡ್ರಾಯರಿನಲ್ಲೂ ಪೆನ್ಸಿಲ್ ಚಿತ್ರವಿರಲಿಲ್ಲ. 1985ರ ಡಿಸೈನ್ ಆಟೊಮೇಶನ್ ಸಮ್ಮೇಳನದಲ್ಲಿ ಡಿಜಿಟಲ್ ವ್ಯವಸ್ಥೆಗಳ ಚಿತ್ರಗಳನ್ನು ತಾನಾಗಿ ಬರೆಯಿಸುವ ಬಗ್ಗೆ ಬಂದ ಪ್ರಬಂಧದ ಮೇಲೆ ಆರ್ಯ, ಕುಮಾರ್, ಸ್ವಾಮಿನಾಥನ್, ಮಿಶ್ರಾ ಎಂಬ ನಾಲ್ಕು ಹೆಸರುಗಳಿವೆ. ಎಂಟೆಕ್ ಓದುವಾಗ ಆ ಹೆಸರುಗಳನ್ನು ಕಂಡು, ನಮ್ಮವರೂ ಇದ್ದಾರೆ ಎಂದು ಖುಷಿಪಟ್ಟದ್ದು ನೆನಪಿದೆ.

ಕ್ರಮ ಸ್ಥೂಲವಾಗಿ ಹೀಗೆ. ಮೊದಲು ಗ್ರೌಂಡ್ ಮತ್ತು ವಿದ್ಯುತ್ ಪೂರೈಕೆಯ ತಂತಿಗಳನ್ನು ಪಕ್ಕಕ್ಕಿಡಬೇಕು. ಅವು ಎಲ್ಲ ಭಾಗಗಳಿಗೂ ಹೋಗುವುದರಿಂದ ಎಳೆಯಹೊರಟರೆ ಚಿತ್ರವೆಲ್ಲ ಜೇಡರ ಬಲೆ. ಆದ್ದರಿಂದ ಅಲ್ಲಲ್ಲೇ ಒಂದೊಂದು ಚಿಹ್ನೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಆಮೇಲೆ ಸಂಕೇತ ಎಡದಿಂದ ಬಲಕ್ಕೆ ಹರಿಯುವಂತೆ ಭಾಗಗಳನ್ನು ಕಂಬಸಾಲುಗಳಲ್ಲಿ ನಿಲ್ಲಿಸಬೇಕು. ಹಿಂದಕ್ಕೆ ಸುತ್ತಿ ಬರುವ ತಂತಿಗಳಿದ್ದರೆ ಸದ್ಯಕ್ಕೆ ಕತ್ತರಿಸಿಟ್ಟುಕೊಂಡು ಕೊನೆಗೆ ಜೋಡಿಸಬೇಕು. ಮುಂದಿನದೇ ಕಷ್ಟದ್ದು. ಒಂದು ಸಾಲಿನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ? ತಂತಿಗಳು ಒಂದನ್ನೊಂದು ದಾಟುವುದು ಆದಷ್ಟು ಕಡಿಮೆಯಿರಬೇಕು. 10 ಭಾಗಗಳನ್ನು ಒಂದು ಸಾಲಿನಲ್ಲಿ 36,28,800 ರೀತಿಯಲ್ಲಿ ಜೋಡಿಸಬಹುದು. 20 ಇದ್ದರೆ ಎಲ್ಲವನ್ನೂ ನೋಡಿ ಮುಗಿಸುವ ಮಾತೇ ಇಲ್ಲ. ದಾಟುಗಳನ್ನು ಅತಿ ಕಡಿಮೆ ಮಾಡುವುದು ಎಂಥ ಯಂತ್ರಕ್ಕೂ ಕಠಿಣವಾದ ಲೆಕ್ಕಗಳ ಗುಂಪಿಗೆ ಸೇರುತ್ತದೆಂದು 1983ರಲ್ಲಿ ಗ್ಯಾರಿ ಮತ್ತು ಜಾನ್ಸನ್ ತೋರಿಸಿದರು.

ಹಾಗಾಗಿ ಎಲ್ಲರೂ ಉಪಾಯಕ್ಕೆ ಶರಣು. ಜಪಾನಿನ ಕೋಜೊ ಸುಗಿಯಾಮಾ ಮತ್ತು ಸಂಗಡಿಗರು 1981ರಲ್ಲಿ ಕೊಟ್ಟ ಉಪಾಯ ಸರಳವಾದದ್ದು: ಪ್ರತಿಯೊಂದು ಭಾಗವನ್ನೂ ಪಕ್ಕದ ಸಾಲಿನ ಅದರ ನೆಂಟರ ಸರಾಸರಿ ಎತ್ತರದಲ್ಲಿ ನಿಲ್ಲಿಸುವುದು, ಹೀಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕೆಲವು ಬಾರಿ ಮಾಡುವುದು. ಕೊನೆಗೆ ತಂತಿ ಎಳೆಯಲು 1961ರಷ್ಟು ಹಳೆಯ, ಲೀ ಎಂಬವರ ವಿಧಾನವಿದೆ. ಹೊರಡುವ ಬಿಂದುವಿನಿಂದ ಎಲ್ಲ ಖಾಲಿ ಚೌಕಗಳಿಗೂ ನೀರು ನುಗ್ಗಿದ ಹಾಗೆ ಹೆಜ್ಜೆ ಹೆಜ್ಜೆಯಾಗಿ ಹರಡುತ್ತ ಹೋಗುವುದು. ನೀರು ಗುರಿ ಮುಟ್ಟಿದ ದಾರಿಯೇ ಅತಿ ಹತ್ತಿರದ ದಾರಿ.

ನಾನು ಮಾಡಿದ್ದೂ ಇದನ್ನೇ. ಪರ್ಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆದೆ. ಮೊದಲ ಬಾರಿ ಬಂದದ್ದು ಹಕ್ಕಾ ನೂಡಲ್ಸ್. ತಿದ್ದಿದೆ, ಮತ್ತೆ ತಿದ್ದಿದೆ. ಎರಡು ವಾರ ಕಳೆದ ಮೇಲೆ ನೋಡುವಂತಾಯಿತು. ಪಟ್ಟಿಯ ಪ್ರತಿ ಸಂಪರ್ಕವೂ ಚಿತ್ರದಲ್ಲಿದೆಯೆ ಎಂದು ಇನ್ನೊಂದು ಪ್ರೋಗ್ರಾಂ ಬರೆದು ತಾಳೆ ನೋಡಿದೆ. ಒಂದೂ ತಪ್ಪಿಲ್ಲ. ಆಫೀಸಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಆ ಚಿತ್ರ ಹೊರಗಿನ ಒಬ್ಬರ ಬಳಿ ಹೋಗಿ ಹೊಸ ಬೋರ್ಡಾಗಿ ಬಂತು.

ಮೇಜಿನ ಮೇಲೆ ಬೋರ್ಡು ಚೆನ್ನಾಗಿ ಓಡಿತು. ಗಿರಾಕಿಯ ಯಂತ್ರಕ್ಕೆ ಹಾಕಿದರೆ, ಮೋಟಾರು ಶುರುವಾದಾಗಲೊಮ್ಮೆ ಬೋರ್ಡು ತಾನೇ ರೀಸೆಟ್ ಆಗುತ್ತಿತ್ತು. ಎಲ್ಲ ಸಲವೂ ಅಲ್ಲ, ಯಾವಾಗಲೋ ಒಮ್ಮೆ. ಇಂಥ ರೋಗ ಹುಡುಕುವುದು ಎಷ್ಟು ಹಿಂಸೆ ಎಂಬುದು ಅನುಭವಿಸಿದವರಿಗೇ ಗೊತ್ತು. ವಾರಗಳು ಕಳೆದವು. ಯಂತ್ರ ನಿಂತರೆ ಕೂಲಿ ಕಡಿತ ಎಂದು ಆ ಕಾರ್ಖಾನೆಯ ಕೆಲಸಗಾರನೊಬ್ಬ ನನ್ನ ಮುಖ ನೋಡಿ ಹೇಳಿದ. ಆ ಮುಖ ನನಗೆ ಇನ್ನೂ ನೆನಪಿದೆ.

ಕೊನೆಗೆ ಯಾರೋ ಹೇಳಿದರು, ಕಾಕಾನನ್ನು ಕರೆಸಿ ಎಂದು. ಮೂಲ ಚಿತ್ರ ಬರೆದ ಡ್ರಾಫ್ಟ್ಸ್‌ಮನ್ ಅವರೇ. ನಿವೃತ್ತರಾಗಿ ಭಾಂಡುಪಿನಲ್ಲಿದ್ದರು. ಆಫೀಸಿನ ಮರಾಠಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ಧಾರವಾಡದ ಕಡೆಯ ನನಗೂ ಅದು ಮನೆಯ ಮಾತೇ. ಅವರು ಮಾತ್ರ ಕುಂದಾಪುರದ ಕಡೆಯವರು. ಹನ್ನೆರಡರ ವಯಸ್ಸಿಗೆ ಬೊಂಬಾಯಿಗೆ ಬಂದು, ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಆಮೇಲೆ ಡ್ರಾಯಿಂಗ್ ಕೋರ್ಸು ಮಾಡಿದವರು. ಈ ಊರಿನ ಕನ್ನಡ ರಾತ್ರಿಶಾಲೆಗಳು ಅಂಥ ಎಷ್ಟು ಹುಡುಗರನ್ನು ದಡ ಮುಟ್ಟಿಸಿವೆ ಎಂಬುದು ನಿಮಗೆ ಗೊತ್ತೇ ಇದೆ.

ಕಾಕಾ ಬಂದರು, ಕನ್ನಡಕ ಏರಿಸಿ ನನ್ನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬಲಗಡೆಯ ಮೂಲೆಯಲ್ಲಿ ಬೆರಳಿಟ್ಟರು. ಅಲ್ಲಿ 24 ಕೆಪಾಸಿಟರುಗಳು ಸೈನಿಕರ ಹಾಗೆ ಒಂದೇ ಸಾಲಿನಲ್ಲಿ ನಿಂತಿದ್ದವು.

"ಇದು ಎಂತ ಮಾರಾಯಾ, ಎಲ್ಲ ಒಟ್ಟಿಗೆ ಕ್ಯೂ ನಿಂತದ್ದು?"

"ಎಲ್ಲಾವೂ 5 ವೋಲ್ಟಿಗೂ ಗ್ರೌಂಡಿಗೂ ನಡುವ ಅದಾವ ಕಾಕಾ. ಪಟ್ಟಿಯೊಳಗ ಹಂಗ ಐತಿ."

"ಪಟ್ಟಿಯಲ್ಲಿ ಉಂಟು, ಸರಿ. ಯಾವುದು ಯಾರ ಮನೆಯದ್ದು ಅಂತ ಉಂಟಾ?"

ಅಷ್ಟೇ. ನನಗೆ ಬೆವರು ಬಂತು. ಡಿಜಿಟಲ್ ಚಿಪ್ಪುಗಳ ಪಕ್ಕದಲ್ಲಿ ಒಂದೊಂದು ಸಣ್ಣ ಕೆಪಾಸಿಟರ್ ಇಡುತ್ತಾರೆ. ಚಿಪ್ಪು ಒಮ್ಮೆಗೇ ವಿದ್ಯುತ್ ಎಳೆದಾಗ ದೂರದ ಪೂರೈಕೆಗಾಗಿ ಕಾಯದೆ ಪಕ್ಕದಲ್ಲೇ ಸಿಗಲೆಂದು, ಮನೆಯ ಹಿತ್ತಿಲಲ್ಲೊಂದು ನೀರಿನ ಹಂಡೆ ಇಟ್ಟ ಹಾಗೆ. ತಂತಿಯ ಲೆಕ್ಕದಲ್ಲಿ ಆ 24ಕ್ಕೂ ವ್ಯತ್ಯಾಸವಿಲ್ಲ. ಎಲ್ಲದರ ಒಂದು ಕಾಲು 5 ವೋಲ್ಟಿಗೆ, ಇನ್ನೊಂದು ಗ್ರೌಂಡಿಗೆ. ನೆಟ್‌ಲಿಸ್ಟಿನ ಕಣ್ಣಿಗೆ ಅವು ಅವಳಿಜವಳಿ. ನನ್ನ ಪ್ರೋಗ್ರಾಂ ಅವನ್ನು ಒಪ್ಪವಾಗಿ ಒಂದೆಡೆ ಜೋಡಿಸಿತು. ಬೋರ್ಡು ಮಾಡಿದವರು ಚಿತ್ರ ನೋಡಿ, ಅವನ್ನು ಬೋರ್ಡಿನ ಅಂಚಿನಲ್ಲಿ ಒಂದೆಡೆ ಕೂರಿಸಿದರು. ಎಲ್ಲ 24 ಹಂಡೆಗಳೂ ಊರ ಹೊರಗೆ. ಎಂಟೆಕ್ ಓದಿದವನಿಗೆ ಇದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಒಂದೂ ತಪ್ಪಿಲ್ಲ ಎಂದು ಪ್ರೋಗ್ರಾಂ ಹೇಳಿದ ಮೇಲೆ ನಾನು ಚಿತ್ರವನ್ನು ನೋಡುವುದನ್ನೇ ನಿಲ್ಲಿಸಿದ್ದೆ. ಯಾರ ಮೇಲೂ ಹಾಕುವಂತಿಲ್ಲ, ತಪ್ಪು ನನ್ನದೇ.

ಪಟ್ಟಿ ಸರಿಯಾಗಿತ್ತು. ಪಟ್ಟಿಗೆ ಚಿತ್ರ ಸರಿಯಾಗಿತ್ತು. ಚಿತ್ರಕ್ಕೆ ಬೋರ್ಡು ಸರಿಯಾಗಿತ್ತು. ಆದರೂ ಯಂತ್ರ ನಿಂತಿತು. ಕಾಕಾ ಮೂಲ ಚಿತ್ರದಲ್ಲಿ ಪ್ರತಿ ಚಿಪ್ಪಿನ ಪಕ್ಕಕ್ಕೆ ಅದರ ಕೆಪಾಸಿಟರನ್ನು ಬರೆದಿದ್ದರು. 'ಇದು ಇವನದು' ಎಂದು ಹೇಳಲು ಅವರಿಗೆ ಅಕ್ಷರ ಬೇಕಿರಲಿಲ್ಲ, ಪಕ್ಕದಲ್ಲಿ ಬರೆದರೆ ಸಾಕಿತ್ತು. ಪಕ್ಕ ಎಂಬುದನ್ನು ಪಟ್ಟಿ ಮಾಡುವವರು ದಾಖಲಿಸಲಿಲ್ಲ. ಅದನ್ನು ಮಳೆ ಒಯ್ದಿತು.

ಈಗ ಇಪ್ಪತ್ತು ವರ್ಷಗಳಾದವು. ಪಟ್ಟಿಯಿಂದ ಚಿತ್ರ ಬರೆಯುವ ಉಪಕರಣಗಳು ನನ್ನ ಪರ್ಲ್ ಪ್ರೋಗ್ರಾಂಗಿಂತ ಎಷ್ಟೋ ಮುಂದೆ ಹೋಗಿವೆ. ಯೋಸಿಸ್ ಎಂಬ ಮುಕ್ತ ತಂತ್ರಾಂಶ ಕೊಡುವ ಗೇಟುಗಳ ಪಟ್ಟಿಯನ್ನು ನೆಟ್‌ಲಿಸ್ಟ್‌ಎಸ್‌ವಿಜಿ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಕ್ಷಣದಲ್ಲಿ ಚಿತ್ರ ಮಾಡಿಕೊಡುತ್ತದೆ. ಅದರ ಒಳಗೆ ನಡೆಯುವುದು ಸುಗಿಯಾಮಾ ದಾರಿಯ ಸುಧಾರಿತ ರೂಪವೇ. ಡಿಜಿಟಲ್ ಚಿತ್ರಗಳ ಮಟ್ಟಿಗೆ ಅದು ಚೆನ್ನಾಗಿಯೇ ಇರುತ್ತದೆ. ಅನಲಾಗ್ ಸರ್ಕ್ಯೂಟುಗಳಲ್ಲಿ ಇನ್ನೂ ತಿಣುಕಾಟ. ಜೋಡಿ ಟ್ರಾನ್ಸಿಸ್ಟರುಗಳು ಕನ್ನಡಿಯ ಬಿಂಬದಂತೆ ಎದುರುಬದುರಾಗಿರಬೇಕು, ಪೂರೈಕೆ ಮೇಲೆ, ಗ್ರೌಂಡ್ ಕೆಳಗೆ ಎಂಬ ರೂಢಿಗಳನ್ನು ಮೊದಲು ಗುರುತಿಸಿ ಆಮೇಲೆ ಬರೆಯಬೇಕು. ಆಕಾರ ನೋಡಿಯೇ ಇದು ಆಂಪ್ಲಿಫಯರ್ ಎಂದು ನಾವು ಹೇಳುವುದು. ಆಕಾರ ತಪ್ಪಿದರೆ ಸರ್ಕ್ಯೂಟ್ ಸರಿಯಿದ್ದರೂ ಕಣ್ಣಿಗೆ ಹತ್ತುವುದಿಲ್ಲ.

ಮುಂಬಯಿಯಲ್ಲಿ ಈ ಕಥೆಯ ಇಂದಿನ ವಿಳಾಸ ಪವಾಯಿ. ಐಐಟಿ ಬಾಂಬೆಯ ಫಾಸ್ಸಿ ಎಂಬ ಯೋಜನೆಯವರು ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯ ನೆರವಿನಿಂದ ಇ-ಸಿಮ್ ಎಂಬ ತಂತ್ರಾಂಶವನ್ನು ಬೆಳೆಸಿದ್ದಾರೆ. ಮೊದಲು ಅದರ ಹೆಸರು ಆಸ್ಕ್ಯಾಡ್. ಫ್ರಾನ್ಸಿನಲ್ಲಿ ಜಾನ್-ಪಿಯೆರ್ ಶಾರಾ 1992ರಲ್ಲಿ ಆರಂಭಿಸಿದ ಕಿಕ್ಯಾಡ್‌ನಿಂದ ಚಿತ್ರ, ಬರ್ಕ್ಲಿಯ ಸ್ಪೈಸಿನ ವಂಶದ ಎನ್‌ಜಿಸ್ಪೈಸ್‌ನಿಂದ ಲೆಕ್ಕ. ಎರಡನ್ನೂ ಸೇರಿಸುವ ಸೇತುವೆ ಪವಾಯಿಯದು. ಚಿತ್ರದಿಂದ ಬಂದ ಪಟ್ಟಿಯನ್ನು ಎನ್‌ಜಿಸ್ಪೈಸ್ ಓದುವಂತೆ ಬದಲಿಸುವುದೇ ಆ ಸೇತುವೆಯ ಮುಖ್ಯ ಕೆಲಸ. ಬೆಲೆ ಕಟ್ಟಬೇಕಿಲ್ಲ. ಲಕ್ಷಗಟ್ಟಲೆಯ ಲೈಸೆನ್ಸ್ ಕೊಳ್ಳಲಾಗದ ಸಣ್ಣ ಊರಿನ ಕಾಲೇಜಿಗೆ ಇದು ದೊಡ್ಡ ಉಪಕಾರ. ಬೇರೆ ತಂತ್ರಾಂಶದಲ್ಲಿ ಬರೆದ ಚಿತ್ರವನ್ನು ಕಿಕ್ಯಾಡ್ ಚಿತ್ರವಾಗಿ ಬದಲಿಸುವ ಸೌಲಭ್ಯವೂ ಅದರಲ್ಲಿದೆ. ಅಲ್ಲಿ ಮೂಲ ಕಡತದಲ್ಲೇ ಭಾಗಗಳ ಜಾಗ ಇರುವುದರಿಂದ ಅದನ್ನು ಉಳಿಸಿಕೊಂಡೇ ದಾಟಿಸಬಹುದು. ನನಗೆ ಬಹಳ ಮೆಚ್ಚಿಗೆಯಾದದ್ದು ಇನ್ನೊಂದು: ಕಿಕ್ಯಾಡ್‌ನ ಚಿತ್ರದ ಕಡತವೂ ಸಾದಾ ಪಠ್ಯವೇ. ತೆರೆದು ಓದಬಹುದು. ಆದರೆ ಆ ಪಠ್ಯದಲ್ಲಿ ಪ್ರತಿಯೊಂದು ಭಾಗದ ಪಕ್ಕ ಎರಡು ಅಂಕಿಗಳಿವೆ: ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು. ಆ ಎರಡು ಅಂಕಿ ನಮ್ಮ ಕಡತದಲ್ಲಿದ್ದಿದ್ದರೆ ಕಾಕಾ ಭಾಂಡುಪಿನಿಂದ ಬರಬೇಕಾಗಿರಲಿಲ್ಲ.

ಈಗ ಕೃತಕ ಬುದ್ಧಿಮತ್ತೆಗೆ ಮಾತಿನಲ್ಲಿ ಹೇಳಿದರೆ ನೆಟ್‌ಲಿಸ್ಟ್ ಬರೆದುಕೊಡುತ್ತದೆ. ನನ್ನ ತಂಡದ ಹುಡುಗರು ದಿನವೂ ಬರೆಯಿಸುತ್ತಾರೆ. ಹಾಗೆ ಹುಟ್ಟಿದ ಪಟ್ಟಿಗೆ ಮೊದಲಿನಿಂದಲೂ ಚಿತ್ರವೇ ಇಲ್ಲ. ಅದರಿಂದ ಚಿತ್ರ ಬರೆಯುವ ಯಂತ್ರಗಳ ಅಗತ್ಯ ಇನ್ನೂ ಹೆಚ್ಚಲಿದೆ, ಹೆಚ್ಚಲಿ. ನಾನು ಅವರಿಗೆ ಹೇಳುವುದು ಒಂದೇ: ಯಂತ್ರ ಬರೆದ ಚಿತ್ರ ಸರಿಯಿದೆಯೆ ಎಂದು ಯಂತ್ರವನ್ನು ಕೇಳಿ. ಆಮೇಲೆ ಚಿತ್ರವನ್ನು ಎದುರಿಗಿಟ್ಟುಕೊಂಡು, ಯಾವುದು ಯಾರ ಮನೆಯದು ಎಂದು ನೀವೇ ಕೇಳಿಕೊಳ್ಳಿ.

ಕಾಕಾ ನಾಲ್ಕು ದಿನ ಬಂದರು. ನನ್ನ ಚಿತ್ರವನ್ನು ಪಕ್ಕಕ್ಕಿಟ್ಟು, ಪಟ್ಟಿಯನ್ನು ಓದಿಸಿಕೊಂಡು, ತಮ್ಮದೇ ಹಳೆಯ ಪೆನ್ನಿನಲ್ಲಿ ಟ್ರೇಸಿಂಗ್ ಪೇಪರಿನ ಮೇಲೆ ಪೂರ್ತಿ ಹೊಸದಾಗಿ ಬರೆದರು. ಕೆಲವು ಕಡೆ ಪೆನ್ನು ನಿಲ್ಲಿಸಿ, "ಇದು ಎಂತಕ್ಕೆ ಇಟ್ಟದ್ದು ಹೇಳು ನೋಡುವ" ಎಂದು ನನ್ನನ್ನೇ ಕೇಳುತ್ತಿದ್ದರು. ಉತ್ತರ ಬರುವವರೆಗೆ ಗೆರೆ ಮುಂದೆ ಹೋಗುತ್ತಿರಲಿಲ್ಲ. ಮುಂದಿನ ಬೋರ್ಡು ರೀಸೆಟ್ ಆಗಲಿಲ್ಲ.

ಹಾಳೆಯ ಕೆಳಗಿನ ಮೂಲೆಯಲ್ಲಿ ಎರಡು ಚೌಕಗಳಿರುತ್ತವೆ: ಬರೆದವರು, ಪರೀಕ್ಷಿಸಿದವರು. ಮೊದಲನೆಯದರಲ್ಲಿ ತಮ್ಮ ಸಹಿ ಹಾಕಿ, ಎರಡನೆಯದನ್ನು ನನ್ನತ್ತ ತಿರುಗಿಸಿದರು. ನಾನು ಸಹಿ ಹಾಕಹೊರಟೆ. ಅವರು ಕೈ ಹಿಡಿದರು. "ಮೊದಲು ನೋಡು ಮಾರಾಯಾ" ಎಂದರು.